ದಪ್ಪ ದುಂಡಕ್ಷರ

ಗೆರೆ ಮಂದವಾಗಿ, ಮೂಲೆಗಳು ಉರುಟಾಗಿ, ತುದಿಗಳಲ್ಲಿ ಅಷ್ಟೇ ದಪ್ಪದ ಅಡ್ಡಪಟ್ಟಿ ಇರುವ ಅಚ್ಚಕ್ಷರ ಶೈಲಿಯನ್ನು ರೋಮನ್ ಲಿಪಿಯಲ್ಲಿ ಸ್ಲ್ಯಾಬ್ ಸೆರಿಫ್‌ನ ದುಂಡು ಬಗೆ ಎನ್ನುತ್ತಾರೆ. ದೂರದಿಂದ ಕಣ್ಣಿಗೆ ಬೀಳಬೇಕಾದ ಜಾಹೀರಾತು, ತಲೆಬರಹ, ನಾಮಫಲಕಗಳೇ ಇದರ ತವರು. ಪುಟಗಟ್ಟಲೆ ಓದಲು ಇದು ಸಲ್ಲದು.

ಈ ವಂಶದ ಪ್ರಸಿದ್ಧ ಹಿರಿಯ ಕ್ಲಾರೆಂಡನ್. ರಾಬರ್ಟ್ ಬೆಸ್ಲಿ ಇದನ್ನು 1845ರಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿದ. ಹಕ್ಕು ಮೂರೇ ವರ್ಷದ್ದು. ಅದು ಮುಗಿದೊಡನೆ ಉಳಿದವರೂ ಇದೇ ಬಗೆಯ ಅಚ್ಚುಮೊಳೆ ಎರಕ ಹೊಯ್ದರು. ಅಡ್ಡಪಟ್ಟಿಯೂ ಕರಗಿ ಉಬ್ಬಿದಂತೆ ಕಾಣುವ ಕೂಪರ್ ಬ್ಲ್ಯಾಕ್ 1922ರಲ್ಲಿ ಷಿಕಾಗೋದಿಂದ ಬಂತು. ಅದರ ಕರ್ತೃ ಆಸ್ವಾಲ್ಡ್ ಕೂಪರ್.

ಕನ್ನಡದ ಕಥೆ ಬೇರೆ. ರೋಮನ್ ಅಕ್ಷರವನ್ನು ದುಂಡಗಾಗಿಸಬೇಕು. ಕನ್ನಡ ಲಿಪಿ ಮೊದಲೇ ದುಂಡಗಿದೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು ಎಂಬುದು ಇದಕ್ಕೆ ರೂಢಿಯ ವಿವರಣೆ. ಅಡ್ಡಪಟ್ಟಿಯ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ತಲೆಕಟ್ಟು ಮಾಡುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕಾಲದಿಂದಲೂ ಮೊಳೆ ಕೊರೆಯುವವರಿಗೆ ಎದುರಾದ ತೊಡಕು ಒಳಗಿನ ಬಯಲಿನದು. ಗೆರೆ ದಪ್ಪವಾದಷ್ಟೂ ಆ ಬಯಲು ಮುಚ್ಚಿಕೊಳ್ಳುತ್ತದೆ. ರ ಮತ್ತು ಠ ನಡುವಿನ ಅಂತರ ಒಂದು ಚುಕ್ಕೆ. ದ ಮತ್ತು ಧ ನಡುವಿನದು ಕೆಳಗಿನ ಒಂದು ಸೀಳು. ಶಾಯಿ ಹರಡಿದರೆ ಮಹಾಪ್ರಾಣ ಅಲ್ಪಪ್ರಾಣವಾಗಿಬಿಡುತ್ತದೆ!

ಒತ್ತಕ್ಷರ ಇನ್ನೊಂದು ಪರೀಕ್ಷೆ. ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ರಾಜಾಜಿನಗರ, ವಿಜಯನಗರ, ಕೆಂಗೇರಿ ಎಂಬಲ್ಲಿ ಒತ್ತಿಲ್ಲ. ಫಲಕದ ಎತ್ತರವನ್ನೆಲ್ಲ ಅಕ್ಷರಕ್ಕೇ ಬಿಟ್ಟು ಎಷ್ಟು ದಪ್ಪಗೆ ಬರೆದರೂ ಸಾಲು ಕೂರುತ್ತದೆ. ಬಸವೇಶ್ವರನಗರದಲ್ಲಿ ‘ಶ್ವ’ ಬಂದದ್ದೇ ತಡ, ವಕಾರದೊತ್ತಿಗಾಗಿ ಕೆಳಗೆ ಜಾಗ ಬಿಡಬೇಕು, ಇಡೀ ಸಾಲನ್ನು ಕುಗ್ಗಿಸಬೇಕು. ಕುಂಚದಲ್ಲಿ ಬರೆಯುವವರು ಒತ್ತನ್ನಷ್ಟೇ ತೆಳುಮಾಡಿ ಪಕ್ಕಕ್ಕೆ ಸರಿಸಿ ಪಾರಾಗಬಹುದು. ಮೊಳೆಗೆ ಆ ಸಲಿಗೆಯಿಲ್ಲ.

ಗಣಕಯಂತ್ರದ ಕಾಲದಲ್ಲಿ ಈ ಬಗೆಯ ಎದ್ದು ಕಾಣುವ ಮಾದರಿ, ಮುಂಬೈಯ ಏಕ್ ಟೈಪ್ ರೂಪಿಸಿದ ಬಲೂ ಕುಟುಂಬ. ಇದರಲ್ಲಿ ಅಡ್ಡಪಟ್ಟಿಯಿಲ್ಲ, ದಪ್ಪ ಮತ್ತು ದುಂಡುತನವಷ್ಟೇ ಉಳಿದಿವೆ. ಕನ್ನಡದ್ದಕ್ಕೆ ‘ಬಲೂ ತಮ್ಮ’, ತೆಲುಗಿನದಕ್ಕೆ ‘ಬಲೂ ತಮ್ಮುಡು’ ಎಂದು ಹೆಸರು. ಎರಡೂ ಲಿಪಿಗಳ ಒಡಹುಟ್ಟಿಗೆ ಒಪ್ಪುವ ಚೇಷ್ಟೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಯಾರು ಬೇಕಾದರೂ ಬಳಸಬಹುದು. ಮೊದಲು ಒಂದೇ ದಪ್ಪದಲ್ಲಿದ್ದ ಇದು ಬಲೂ 2 ಆವೃತ್ತಿಯಲ್ಲಿ ಐದು ತೂಕಗಳಿಗೆ ಬೆಳೆಯಿತು.

ಕರ್ನಾಟಕದ 2024ರ ತಿದ್ದುಪಡಿ ಕಾನೂನು ನಾಮಫಲಕಗಳ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿದ ಮೇಲೆ ಅಂಗಡಿ ಮುಂಗಟ್ಟುಗಳಲ್ಲಿ ಇಂಥ ಅಕ್ಷರಕ್ಕೆ ಹೊಸ ಕೆಲಸ ಸಿಕ್ಕಿದೆ. ಕಾನೂನು ಅಳೆಯುವುದು ಜಾಗವನ್ನು. ಅದರೊಳಗೆ ಚುಕ್ಕೆ, ಸೀಳು, ಒತ್ತು ತೆರೆದಿರುವಂತೆ ನೋಡಿಕೊಳ್ಳುವುದು ಅಕ್ಷರ ಬರೆಯುವವರಿಗೆ ಬಿಟ್ಟದ್ದು.