ರುದ್ರನಾಟಕದ ಅಳತೆಯಲ್ಲಿ ಬಡೇ ಗುಲಾಂ ಅಲಿ ಖಾನರು

ರುದ್ರನಾಟಕದ ನಾಯಕನು ಸಾಮಾನ್ಯನಲ್ಲ. ತನ್ನ ಹಿರಿಮೆಯೊಳಗಿನ ದೋಷದಿಂದಲೇ ಬೀಳುವವನು. ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನಾಧರಿಸಿ ಬಿ. ಎಂ. ಶ್ರೀಯವರು 1929ರಲ್ಲಿ ರಚಿಸಿದ ‘ಅಶ್ವತ್ಥಾಮನ್’ ಕನ್ನಡಿಗರಿಗೆ ಈ ತತ್ತ್ವವನ್ನು ಕಾಣಿಸಿತು. ಅಲ್ಲಿ ವೀರನ ಅಭಿಮಾನವೇ ಅವನಿಗೆ ಮೃತ್ಯು. ಅಬಿಡ್ಸಿಗೆ ಅನತಿದೂರದ ಬಷೀರ್‌ಬಾಗ್ ಅರಮನೆಯಲ್ಲಿ 1968ರ ಏಪ್ರಿಲಿನಲ್ಲಿ ಕಣ್ಮುಚ್ಚಿದ ಉಸ್ತಾದ್ ಬಡೇ ಗುಲಾಂ ಅಲಿ ಖಾನರ ಬಾಳನ್ನು ಇದೇ ಅಳತೆಯಿಂದ ನೋಡಬಹುದು.

1902ರಲ್ಲಿ ಪಂಜಾಬಿನ ಕಸೂರಿನಲ್ಲಿ ಜನಿಸಿದ ಖಾನರು ಪಟಿಯಾಲಾ ಘರಾಣೆಯ ಕೀರ್ತಿಶಿಖರ. 1947ರ ವಿಭಜನೆಯಲ್ಲಿ ಕಸೂರು ಪಾಕಿಸ್ತಾನಕ್ಕೆ ಸೇರಿತು. ಅಲ್ಲಿಗೆ ಹೋದ ಖಾನರು ಮರಳಿ ಬಂದು, 1957ರಲ್ಲಿ ಭಾರತದ ಪೌರತ್ವವನ್ನು ಪಡೆದರು. 1962ರಲ್ಲಿ ಪದ್ಮಭೂಷಣವೂ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಸಂದವು. ಕಡೆಗಾಲದಲ್ಲಿ ಪಾರ್ಶ್ವವಾಯು ದೇಹವನ್ನು ಕುಗ್ಗಿಸಿತು; ಆದರೂ ಪುತ್ರ ಮುನವ್ವರ್ ಅಲಿ ಖಾನರ ಆಸರೆಯಿಂದ ಸಭೆಗಳಲ್ಲಿ ಹಾಡುತ್ತಲೇ ಇದ್ದರು.

ಇಲ್ಲಿ ಪತನಕ್ಕೆ ಕಾರಣವಾದ ದೋಷವೆಲ್ಲಿ? ದೇಶವನ್ನು ಒಡೆದವರು ಅವರಲ್ಲ. ದೇಹವನ್ನು ಕೆಡಿಸಿದುದು ರೋಗ. ಆದುದರಿಂದ ಗ್ರೀಕರ ಸೂತ್ರವು ಇವರಿಗೆ ಪೂರ್ಣವಾಗಿ ಒಪ್ಪದು. ಒಪ್ಪುವುದು ಒಂದಂಶ ಮಾತ್ರ: ತಾನಾಗಿ ಮಾಡಿದ ಆಯ್ಕೆ, ಕಡೆಯವರೆಗೆ ತೆತ್ತ ಅದರ ಬೆಲೆ. ಹುಟ್ಟೂರು ಗಡಿಯಾಚೆ ಉಳಿಯಿತು. ಕೊನೆಯುಸಿರು ಅನ್ಯರ ಅರಮನೆಯಲ್ಲಿ ನಿಂತಿತು. ಏಜಾಕ್ಸನು ಬಿದ್ದಾಗ ಖಡ್ಗಕ್ಕೆ ಶರಣಾದನು. ಖಾನರು ಬಿದ್ದ ಮೇಲೂ ಸ್ವರವನ್ನು ಬಿಡಲಿಲ್ಲ. ಊರನ್ನು ಬಿಟ್ಟು ಬಂದು ನುಡಿಯನ್ನು ಬಿಡದ ಜನಕ್ಕೆ ಈ ಭೇದವನ್ನು ವಿವರಿಸಬೇಕಾಗಿಲ್ಲ.