ಪೌಂಡ್‌ನಲ್ಲಿ ಇಲ್ಲದ ‘ಎಲ್’

ಜಿಮ್‌ಗೆ ಹೋಗೋರು ಗಮನಿಸಿರ್ತೀರಿ. ಡಂಬೆಲ್ ಮೇಲೆ ‘10 ಎಲ್‌ಬಿ’ ಅಂತ ಇರುತ್ತೆ. ಓದುವಾಗ ಮಾತ್ರ ಎಲ್ಲರೂ ‘ಹತ್ತು ಪೌಂಡ್’ ಅಂತಾರೆ. ಪೌಂಡ್ ಪದದ ಸ್ಪೆಲ್ಲಿಂಗ್‌ನಲ್ಲಿ ಎಲ್ ಇಲ್ಲ, ಬಿ ಕೂಡ ಇಲ್ಲ. ಹಾಗಾದರೆ ಇವೆರಡೂ ಬಂದದ್ದು ಎಲ್ಲಿಂದ?

ಉತ್ತರ ಇರೋದು ಪ್ರಾಚೀನ ರೋಮ್‌ನಲ್ಲಿ. ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ‘ಲಿಬ್ರಾ ಪೊಂಡೊ’ ಅನ್ನೋ ಮಾತಿತ್ತು. ಲಿಬ್ರಾ ಅಂದರೆ ತಕ್ಕಡಿ. ಒಂದು ತೂಕದ ಹೆಸರೂ ಹೌದು. ಪೊಂಡೊ ಅಂದರೆ ‘ತೂಕದಲ್ಲಿ’. ಇಂಗ್ಲಿಷಿನಲ್ಲಿ ಆಡುಮಾತಿಗೆ ಪೊಂಡೊ ಬಂತು, ಪೌಂಡ್ ಆಯ್ತು. ಬರವಣಿಗೆಯಲ್ಲಿ ಲಿಬ್ರಾ ಉಳೀತು, ಎಲ್‌ಬಿ ಆಯ್ತು. ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ ಇದೆಯಲ್ಲ, ಅದೂ ಲಿಬ್ರಾದ ಎಲ್ ಅಕ್ಷರವೇ.

ಇನ್ನೊಂದು ಸ್ವಾರಸ್ಯ ಕೇಳಿ. ಹನ್ನೆರಡರಲ್ಲಿ ಒಂದು ಭಾಗಕ್ಕೆ ರೋಮನ್ನರು ‘ಉಂಕಿಯಾ’ ಅಂತಿದ್ದರು. ಅಡಿಯ ಉಂಕಿಯಾ ಇಂಗ್ಲಿಷಿನಲ್ಲಿ ಇಂಚ್ ಆಯ್ತು. ತೂಕದ ಉಂಕಿಯಾ ಫ್ರೆಂಚರ ಬಾಯಿ ದಾಟಿ ಬಂದು ಔನ್ಸ್ ಆಯ್ತು. ನಿಮ್ಮ ಮನೆಯ 43 ಇಂಚಿನ ಟಿವಿ, ಅದರಲ್ಲಿ ನಾವು ಹೇಳೋ ಚಿನ್ನದ ಔನ್ಸ್ ದರ, ಎರಡೂ ಪದಗಳು ಒಂದೇ ತಾಯಿ ಮಕ್ಕಳು! ಔನ್ಸನ್ನು ಚಿಕ್ಕದಾಗಿ ‘ಓ-ಝಡ್’ ಅಂತ ಬರೀತಾರಲ್ಲ, ಅದು ಇಟಲಿಯವರ ‘ಒಂಜಾ’ದಿಂದ ಬಂದದ್ದು.

ಆದರೆ ಹೆಸರು ಒಂದೇ ಅಂತ ಅಳತೆ ಒಂದೇ ಅಂದ್ಕೋಬೇಡಿ. ಚಿನ್ನದ ಔನ್ಸ್ ಅಂದರೆ 31.1 ಗ್ರಾಂ. ಮಾಮೂಲಿ ಔನ್ಸ್ 28.35 ಗ್ರಾಂ ಮಾತ್ರ.

ಇದೆಲ್ಲ ಬರೀ ಪದಗಳ ಆಟ ಅನ್ನಿಸ್ತಿದೆಯಾ? 1983ರ ಜುಲೈ 23ಕ್ಕೆ ಹೋಗೋಣ. ಕೆನಡಾದ ಒಂದು ಬೋಯಿಂಗ್ 767 ವಿಮಾನ. ಇಂಧನ ಎಷ್ಟಿದೆ ಅಂತ ತೋರಿಸೋ ಮಾಪಕ ಕೆಟ್ಟಿತ್ತು. ಸಿಬ್ಬಂದಿ ಕೈಲೆಕ್ಕ ಹಾಕಿದರು. ಬೇಕಿದ್ದದ್ದು 22,300 ಕೆಜಿ. ಲೆಕ್ಕದಲ್ಲಿ ಕೆಜಿ ಜಾಗಕ್ಕೆ ಪೌಂಡ್ ನುಸುಳಿತು. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ. ಹಾಗಾಗಿ ವಿಮಾನ ಹೊರಟದ್ದು ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ!

41,000 ಅಡಿ ಎತ್ತರದಲ್ಲಿ ಇಂಧನ ಮುಗೀತಾ ಬಂತು. ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಪಳಗಿದವರು. ಅಷ್ಟು ದೊಡ್ಡ ವಿಮಾನವನ್ನು ಗಾಳಿಯಲ್ಲೇ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಅವತ್ತು 22,300 ಅನ್ನೋ ಅಂಕಿ ಸರಿಯಾಗೇ ಇತ್ತು. ತಪ್ಪಿದ್ದು ಅದರ ಪಕ್ಕದ ಪದ. ಅದಕ್ಕೇ, ಯಾರಾದರೂ ಅಂಕಿ ಹೇಳಿದರೆ ತಲೆಯಾಡಿಸೋ ಮುಂಚೆ ಒಂದು ಮಾತು ಕೇಳಿ: ಎಷ್ಟು ಅನ್ನೋದು ಸರಿ ಸ್ವಾಮಿ, ಯಾವ ಲೆಕ್ಕದಲ್ಲಿ?