ಡಾಕ್ಸೊರುಬಿಸಿನ್ ಇಂಜೆಕ್ಷನ್: ಕೀಮೋ ಪಡೆಯುವವರು ಮತ್ತು ಮನೆಯವರು ತಿಳಿದಿರಬೇಕಾದ ಮುನ್ನೆಚ್ಚರಿಕೆಗಳು

ಸ್ತನ ಕ್ಯಾನ್ಸರ್, ಲಿಂಫೋಮಾ, ಕೆಲವು ಬಗೆಯ ರಕ್ತ ಕ್ಯಾನ್ಸರ್, ಸಾರ್ಕೋಮಾ ಮುಂತಾದ ಕಾಯಿಲೆಗಳಿಗೆ ನೀಡುವ ಪ್ರಮುಖ ಕೀಮೋಥೆರಪಿ ಔಷಧಿಗಳಲ್ಲಿ ಡಾಕ್ಸೊರುಬಿಸಿನ್ ಒಂದು. ಇದರ ಬಣ್ಣ ಕೆಂಪು. ಇಂಜೆಕ್ಷನ್ ನೀಡುವುದು ಆಸ್ಪತ್ರೆಯಲ್ಲಾದರೂ, ಅದರ ಪರಿಣಾಮಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ರೋಗಿ ಮನೆಗೆ ಮರಳಿದ ನಂತರ. ಆದ್ದರಿಂದ ಯಾವುದು ಸಹಜ, ಯಾವುದು ಅಪಾಯದ ಸೂಚನೆ ಎಂಬುದು ಮನೆಯವರಿಗೂ ತಿಳಿದಿರಬೇಕು.

ಹೇಗೆ ಕೆಲಸ ಮಾಡುತ್ತದೆ?

ಇದು ಆಂಥ್ರಾಸೈಕ್ಲಿನ್ ಗುಂಪಿಗೆ ಸೇರಿದ ಔಷಧಿ. ಕ್ಯಾನ್ಸರ್ ಕೋಶಗಳ ಡಿಎನ್‌ಎಗೆ ಹಾನಿ ಮಾಡಿ ಅವು ವೃದ್ಧಿಯಾಗದಂತೆ ತಡೆಯುತ್ತದೆ. ವೇಗವಾಗಿ ಬೆಳೆಯುವ ಆರೋಗ್ಯಕರ ಕೋಶಗಳಿಗೂ ಇದರ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣು, ವಾಂತಿ, ರಕ್ತಕಣಗಳ ಇಳಿಕೆ ಇವೆಲ್ಲ ಇದೇ ಕಾರಣಕ್ಕೆ ಆಗುತ್ತವೆ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ ರಕ್ತನಾಳದ ಮೂಲಕ ನೀಡಲಾಗುತ್ತದೆ.

ಚಿಕಿತ್ಸೆಗೆ ಮುನ್ನ ವೈದ್ಯರಿಗೆ ಏನು ತಿಳಿಸಬೇಕು?

* ಹೃದಯದ ತೊಂದರೆ, ಅಧಿಕ ರಕ್ತದೊತ್ತಡ, ಕಾಮಾಲೆ ಅಥವಾ ಲಿವರ್ ಕಾಯಿಲೆ ಇದ್ದರೆ. ಲಿವರ್ ಸರಿಯಾಗಿ ಕೆಲಸ ಮಾಡದಿದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ.
* ಹಿಂದೆ ಕೀಮೋ ಅಥವಾ ಎದೆಯ ಭಾಗಕ್ಕೆ ರೇಡಿಯೇಷನ್ ಪಡೆದಿದ್ದರೆ.
* ಫಿಟ್ಸ್ ಮಾತ್ರೆ, ಬಿಪಿ ಮಾತ್ರೆ, ಆಯುರ್ವೇದ ಔಷಧಿ, ಕಷಾಯ ಸೇರಿದಂತೆ ಏನೇ ಸೇವಿಸುತ್ತಿದ್ದರೂ.
* ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ. ಚಿಕಿತ್ಸೆಯ ವೇಳೆ ಮತ್ತು ಮುಗಿದ ನಂತರ ಕನಿಷ್ಠ 6 ತಿಂಗಳು ಮಹಿಳೆಯರು ಗರ್ಭ ಧರಿಸಬಾರದು. ಪುರುಷರು ಎಷ್ಟು ಕಾಲ ಎಚ್ಚರ ವಹಿಸಬೇಕೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು. ಮುಂದೆ ಮಕ್ಕಳು ಬೇಕೆನ್ನುವವರು ಈ ವಿಷಯವನ್ನು ಮೊದಲ ಡೋಸ್‌ಗೂ ಮುನ್ನವೇ ಚರ್ಚಿಸುವುದು ಒಳ್ಳೆಯದು.

ಔಷಧಿಯನ್ನು ಹೊರಗಿನಿಂದ ತಂದುಕೊಡಲು ಹೇಳಿದ್ದರೆ ಚೀಟಿಯಲ್ಲಿರುವ ಹೆಸರನ್ನು ಪೂರ್ತಿ ಹೋಲಿಸಿ ನೋಡಿ. 'ಲೈಪೊಸೋಮಲ್ ಡಾಕ್ಸೊರುಬಿಸಿನ್' ಬೇರೆಯದೇ ಔಷಧಿ, ಅದರ ಡೋಸ್ ಕೂಡ ಬೇರೆ. ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ದ್ರವ ರೂಪದ ವಯಲ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಬೆಳಕು ಬೀಳದಂತೆ ಇಡಬೇಕು.

ಇಂಜೆಕ್ಷನ್ ನೀಡುವಾಗ ಉರಿಯಾದರೆ

ಈ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ ಮತ್ತು ಮಾಂಸ ಸುಟ್ಟಂತಾಗಿ ಆಳವಾದ ಹುಣ್ಣಾಗಬಹುದು. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು, ಊತ ಕಂಡರೆ ಡ್ರಿಪ್ ಮುಗಿಯಲಿ ಎಂದು ಕಾಯದೆ ಕೂಡಲೇ ನರ್ಸ್‌ಗೆ ತಿಳಿಸಿ. ಸೋರಿಕೆ ಖಚಿತವಾದರೆ ನೀಡುವ ಡೆಕ್ಸ್‌ರಾಜಾಕ್ಸೇನ್ ಎಂಬ ಔಷಧಿಯನ್ನು 6 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ. ನೋವಿಲ್ಲದೆಯೂ ಸೋರಿಕೆಯಾಗುವುದುಂಟು. ಹಾಗಾಗಿ ಮನೆಗೆ ಬಂದ ಮೇಲೂ ಕೆಲವು ದಿನ ಆ ಜಾಗವನ್ನು ಗಮನಿಸುತ್ತಿರಿ. ಕೆಂಪಾಗಿ ಊದಿಕೊಂಡರೆ ಬಿಸಿ ಶಾಖ ಕೊಡಬೇಡಿ, ಆಸ್ಪತ್ರೆಗೆ ಹೋಗಿ.

ಮೂತ್ರ ಕೆಂಪಾದರೆ ಗಾಬರಿ ಬೇಡ

ಇಂಜೆಕ್ಷನ್ ಪಡೆದ ನಂತರ 1–2 ದಿನ ಮೂತ್ರ ಕೆಂಪು ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ಔಷಧಿಯ ಬಣ್ಣ, ರಕ್ತವಲ್ಲ. ಆದರೆ ಎರಡು ದಿನ ಕಳೆದರೂ ಬಣ್ಣ ಹೋಗದಿದ್ದರೆ ಅಥವಾ ಉರಿಮೂತ್ರ ಇದ್ದರೆ ವೈದ್ಯರಿಗೆ ತಿಳಿಸಬೇಕು. ಪ್ರತಿ ಡೋಸ್ ನಂತರ ಕನಿಷ್ಠ 5 ದಿನ ರೋಗಿಯ ಮಲಮೂತ್ರ, ವಾಂತಿ ಸ್ವಚ್ಛಗೊಳಿಸುವವರು ಕೈಗವಸು ಧರಿಸಲಿ. ಕೊಳೆಯಾದ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಗರ್ಭಿಣಿಯರು ಈ ಕೆಲಸ ಮಾಡದಿರುವುದು ಒಳ್ಳೆಯದು.

ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ

ಇಂಜೆಕ್ಷನ್ ಪಡೆದ 10ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ಅತ್ಯಂತ ಕಡಿಮೆಯಾಗುತ್ತವೆ. ಈ ಸಮಯದಲ್ಲಿ ಸಣ್ಣ ಸೋಂಕು ಕೂಡ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ತಿರುಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಚಳಿ ನಡುಕ ಬಂದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೇ ಹೆಚ್ಚುತ್ತಿರುತ್ತದೆ. ತುರ್ತು ವಿಭಾಗದಲ್ಲಿ ಮೊದಲು ಹೇಳಬೇಕಾದ ಮಾತು: "ಕೀಮೋ ನಡೆಯುತ್ತಿದೆ, ಇಷ್ಟನೇ ದಿನ, ಜ್ವರ ಬಂದಿದೆ."

ಹೃದಯದ ಲೆಕ್ಕ: ಒಟ್ಟು ಡೋಸ್ ಬರೆದಿಡಿ

ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಜೀವಮಾನದಲ್ಲಿ ಪಡೆದ ಒಟ್ಟು ಪ್ರಮಾಣ ಏರಿದಂತೆ ಈ ಅಪಾಯವೂ ಏರುತ್ತದೆ. ಮೂರು ವಾರಕ್ಕೊಮ್ಮೆ ಪಡೆಯುವವರಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಒಟ್ಟು 300 ಮಿ.ಗ್ರಾಂ. ಆದಾಗ ಅಪಾಯ ಶೇ. 1–2ರಷ್ಟು, 400ಕ್ಕೆ ಶೇ. 3–5, 500ಕ್ಕೆ ಶೇ. 6–20. ಆದ್ದರಿಂದ ಸಾಮಾನ್ಯವಾಗಿ 450–550 ಮಿ.ಗ್ರಾಂ. ಮೀರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಎದೆಗೆ ರೇಡಿಯೇಷನ್ ಆದವರಿಗೆ ಮಿತಿ ಇನ್ನೂ ಕಡಿಮೆ.

ಉದಾಹರಣೆಗೆ, ಸ್ತನ ಕ್ಯಾನ್ಸರ್‌ಗೆ ಪ್ರತಿ ಸಲ 60 ಮಿ.ಗ್ರಾಂ.ನಂತೆ 4 ಸುತ್ತು ಪಡೆದವರ ಲೆಕ್ಕ 240ಕ್ಕೆ ಬಂದಿರುತ್ತದೆ. ವರ್ಷಗಳ ನಂತರ ಕಾಯಿಲೆ ಮರುಕಳಿಸಿದರೆ ಇನ್ನೆಷ್ಟು ಕೊಡಬಹುದು ಎಂಬುದು ಈ ಸಂಖ್ಯೆಯ ಮೇಲೆ ನಿಂತಿದೆ. ಎಪಿರುಬಿಸಿನ್, ಡೌನೊರುಬಿಸಿನ್‌ನಂತಹ ಇದೇ ಗುಂಪಿನ ಔಷಧಿ ಪಡೆದಿದ್ದರೆ ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಮುಂಬೈ, ಪುಣೆ ಅಥವಾ ಹೈದರಾಬಾದಿನಲ್ಲಿ ಚಿಕಿತ್ಸೆ ಆರಂಭಿಸಿ, ಉಳಿದ ಸುತ್ತುಗಳಿಗೆ ಕರ್ನಾಟಕದ ಊರಿಗೆ ಮರಳುವವರು ಈ ಲೆಕ್ಕವನ್ನು ಜೊತೆಯಲ್ಲೇ ಒಯ್ಯಬೇಕು. ಹೊಸ ಆಸ್ಪತ್ರೆಯವರಿಗೆ ಹಳೆಯ ದಾಖಲೆ ಸಿಗದಿದ್ದರೆ ಮಿತಿ ಮೀರುವ ಸಾಧ್ಯತೆ ಇರುತ್ತದೆ. ಬ್ರ್ಯಾಂಡ್ ಹೆಸರುಗಳು ಬೇರೆಬೇರೆ ಇರುವುದರಿಂದ ಔಷಧಿಯ ಮೂಲ ಹೆಸರು, ದಿನಾಂಕ, ಪ್ರತಿ ಸಲದ ಮಿ.ಗ್ರಾಂ., ಇದುವರೆಗಿನ ಒಟ್ಟು ಡೋಸ್ ಈ ನಾಲ್ಕನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊಬೈಲ್‌ನಲ್ಲಿ ಫೋಟೊ ಇಟ್ಟುಕೊಳ್ಳಿ. ಎಕೋ ಪರೀಕ್ಷೆಯ ವರದಿಗಳನ್ನೂ ಜೋಪಾನ ಮಾಡಿ. ಹೃದಯದ ತೊಂದರೆ ವರ್ಷಗಳ ನಂತರವೂ ಕಾಣಿಸಬಹುದಾದ್ದರಿಂದ, ಬಾಲ್ಯದಲ್ಲಿ ಚಿಕಿತ್ಸೆ ಪಡೆದವರಿಗೂ ಈ ದಾಖಲೆ ಮುಂದೆ ಬೇಕಾಗುತ್ತದೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* 100.4 ಡಿಗ್ರಿ ಅಥವಾ ಹೆಚ್ಚಿನ ಜ್ವರ, ಚಳಿ ನಡುಕ
* ಉಸಿರಾಟಕ್ಕೆ ಕಷ್ಟ, ಎದೆಬಡಿತದಲ್ಲಿ ಏರುಪೇರು, ಕಾಲು ಊತ, ದಿಢೀರ್ ತೂಕ ಹೆಚ್ಚಳ
* ಒಸಡು ಅಥವಾ ಮೂಗಿನಲ್ಲಿ ನಿಲ್ಲದ ರಕ್ತಸ್ರಾವ
* ನೀರೂ ಕುಡಿಯಲಾಗದಷ್ಟು ಬಾಯಿ ಹುಣ್ಣು, ನಿಲ್ಲದ ವಾಂತಿ ಅಥವಾ ಭೇದಿ

ಚಿಕಿತ್ಸೆಯ ಅವಧಿಯಲ್ಲಿ ವೈದ್ಯರನ್ನು ಕೇಳದೆ ಯಾವುದೇ ಲಸಿಕೆ ಹಾಕಿಸಿಕೊಳ್ಳಬೇಡಿ, ನೋವಿನ ಮಾತ್ರೆ ಸೇವಿಸಬೇಡಿ. ಇಲ್ಲಿರುವುದು ಸಾಮಾನ್ಯ ಮಾಹಿತಿ ಮಾತ್ರ. ಡೋಸ್ ಮತ್ತು ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಕ್ಯಾನ್ಸರ್ ತಜ್ಞರ ಸಲಹೆಯೇ ಅಂತಿಮ.